ಬೆರಳಿನ ವೇಗಕ್ಕೆ ‘ತಂತ್ರ’ ಎಂದು ಹೆಸರಿಡಬೇಡಿ

ಸುತ್ತಿ ಬಳಸಿ ಹೇಳುವುದು ಬೇಡ. ಕಂಪ್ಯೂಟರಿನಲ್ಲಿ ಆಡುವ ಯುದ್ಧತಂತ್ರದ ಆಟಗಳಲ್ಲಿ ‘ಏಜ್ ಆಫ್ ಎಂಪೈರ್ಸ್ 2’ ಅತ್ಯುತ್ತಮ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅತ್ಯಂತ ಜನಪ್ರಿಯ ಎನ್ನಿ, ತಕರಾರಿಲ್ಲ. ಅತ್ಯಂತ ಪ್ರೀತಿಪಾತ್ರ ಎನ್ನಿ, ಅದಕ್ಕೂ ತಲೆಯಾಡಿಸುತ್ತೇನೆ. ಆದರೆ ತಂತ್ರ ಎಂಬ ಪದಕ್ಕೆ ನಿಘಂಟಿನಲ್ಲಿ ಇನ್ನೂ ಅರ್ಥ ಉಳಿದಿದ್ದರೆ, ಆ ಹೆಸರಿಗೆ ಹೆಚ್ಚು ಯೋಗ್ಯವಾದ ಆಟ ಬೇರೊಂದಿದೆ. 2003ರ ಮೇ ತಿಂಗಳಲ್ಲಿ ಬಂದ ‘ರೈಸ್ ಆಫ್ ನೇಷನ್ಸ್’. ಇಪ್ಪತ್ತು ವರ್ಷ ದಾಟಿದರೂ ಆ ಆಟದ ಹೆಸರು ಹೇಳಿದರೆ ಹತ್ತರಲ್ಲಿ ಎಂಟು ಜನ, ‘ಓ, ಅದು ಏಜ್ ಥರಾನೇ ಇತ್ತಲ್ಲ’ ಎನ್ನುತ್ತಾರೆ. ಈ ‘ಥರಾನೇ’ ಎಂಬ ಒಂದು ಪದದ ವಿರುದ್ಧವೇ ಈ ಲೇಖನ.

ಇಂಥ ಆಟ ಆಡದವರಿಗಾಗಿ ಎರಡು ಸಾಲು. ಇವುಗಳನ್ನು ರಿಯಲ್ ಟೈಮ್ ಸ್ಟ್ರಾಟೆಜಿ ಆಟಗಳೆನ್ನುತ್ತಾರೆ. ಚದುರಂಗದ ಹಾಗೆ ನಿಮ್ಮದೊಂದು ನಡೆ, ನನ್ನದೊಂದು ನಡೆ ಎಂಬುದಿಲ್ಲ; ಇಬ್ಬರೂ ಒಟ್ಟಿಗೇ ಆಡುತ್ತಿರುತ್ತಾರೆ, ಗಡಿಯಾರ ಓಡುತ್ತಲೇ ಇರುತ್ತದೆ. ನಾಲ್ಕಾರು ಹಳ್ಳಿಗರಿಂದ ಶುರು ಮಾಡಿ, ಅನ್ನ ಮರ ಚಿನ್ನ ಕೂಡಿಹಾಕಿ, ಮನೆ ಕಟ್ಟಿ, ಸೈನ್ಯ ಬೆಳೆಸಿ, ಎದುರಾಳಿಯನ್ನು ಮಣಿಸಬೇಕು. ತೊಂಬತ್ತರ ದಶಕದ ಕೊನೆ, ಎರಡು ಸಾವಿರದ ಮೊದಲ ವರ್ಷಗಳಲ್ಲಿ ಸೈಬರ್ ಕೆಫೆಗಳಲ್ಲೋ ಹಾಸ್ಟೆಲ್ ರೂಮುಗಳಲ್ಲೋ ಕಳೆದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ನೀವೆಲ್ಲ ಈಗ ಮುಂಬೈಯಲ್ಲೋ ಚೆನ್ನೈಯಲ್ಲೋ ಲ್ಯಾಪ್‌ಟಾಪ್ ಮುಂದೆ ಕೂತು ಮಣಿಕಟ್ಟು ನೀವಿಕೊಳ್ಳುತ್ತಿದ್ದೀರಿ ಎಂದು ಬಲ್ಲೆ. ಆ ಮಣಿಕಟ್ಟಿನ ವಿಷಯಕ್ಕೇ ಬರುತ್ತೇನೆ.

ಏಜ್ ಆಫ್ ಎಂಪೈರ್ಸ್ 2 ಚೆನ್ನಾಗಿ ಆಡುವುದೆಂದರೆ ನಿಜವಾಗಿ ಏನು ಮಾಡುವುದು? ಮೊದಲ ಆರು ಜನ ಹಳ್ಳಿಗರು ಕುರಿಗೆ. ಆಮೇಲಿನ ಮೂರು ನಾಲ್ಕು ಜನ ಮರಕ್ಕೆ. ಅದಾದ ಮೇಲೆ ಒಬ್ಬನನ್ನು ಕಾಡುಹಂದಿಯ ಹತ್ತಿರ ಕಳಿಸಿ, ಬಾಣ ಬಿಡಿಸಿ, ಅದು ಅಟ್ಟಿಸಿಕೊಂಡು ಬರುವಾಗ ಅವನನ್ನು ಊರ ನಡುವಿಗೆ ಓಡಿಸಿಕೊಂಡು ಬರಬೇಕು. ಅರೆಕ್ಷಣ ಬೇರೆ ಕಡೆ ನೋಡಿದಿರೋ, ಹಂದಿ ಅವನನ್ನು ಕೊಂದುಹಾಕಿರುತ್ತದೆ. ಇನ್ನೂ ಪಳಗಿದವರು ಕುದುರೆ ಸವಾರನೊಬ್ಬನನ್ನು ಜಿಂಕೆಯ ಹಿಂದೆ ಹಾಕಿ, ಅದು ಬೆದರಿ ಹೆಜ್ಜೆ ಹೆಜ್ಜೆಯಾಗಿ ಊರ ಕಡೆ ಸರಿಯುವಂತೆ ತಳ್ಳಿಕೊಂಡು ಬರುತ್ತಾರೆ. ಇದೆಲ್ಲ ಎಲ್ಲರಿಗೂ ಗೊತ್ತಿರುವ ಕ್ರಮ. ಯೂಟ್ಯೂಬಿನಲ್ಲಿ ನಿಮಿಷ ನಿಮಿಷಕ್ಕೆ ಏನು ಮಾಡಬೇಕೆಂದು ಹೇಳಿಕೊಡುವ ಪಾಠಗಳಿವೆ. ಹಾಗಾದರೆ ಇಲ್ಲಿ ನಿರ್ಧಾರ ಯಾವುದು? ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿದೆ. ಉಳಿದಿರುವುದು ಎಷ್ಟು ಚುರುಕಾಗಿ, ಎಷ್ಟು ತಪ್ಪಿಲ್ಲದೆ ಮಾಡುತ್ತೀರಿ ಎಂಬುದಷ್ಟೆ. ಮಗ್ಗಿ ಒಪ್ಪಿಸುವುದಕ್ಕೂ ಲೆಕ್ಕ ಬಿಡಿಸುವುದಕ್ಕೂ ಇರುವ ದೂರ ಇದು.

ಹೊಲದ ಕಥೆ ಇನ್ನೂ ಮಜವಾಗಿದೆ. 1999ರ ಮೂಲ ಆಟದಲ್ಲಿ ಹೊಲ ಬರಿದಾದಾಗ ನೀವೇ ಹೋಗಿ ಮತ್ತೆ ಬಿತ್ತಬೇಕಿತ್ತು. ಒಂದೊಂದು ಹೊಲಕ್ಕೂ. ಯುದ್ಧದ ಬಿಸಿಯಲ್ಲಿ ಮರೆತರೆ ರೈತ ಕೈ ಕಟ್ಟಿ ನಿಂತಿರುತ್ತಿದ್ದ. 2000ರಲ್ಲಿ ಬಂದ ‘ದಿ ಕಾಂಕರರ್ಸ್’ ಎಂಬ ಮುಂದುವರಿಕೆಯಲ್ಲಿ ಮುಂಗಡವಾಗಿ ಬಿತ್ತನೆಗೆ ದುಡ್ಡು ಕಟ್ಟುವ ಸೌಲಭ್ಯ ಬಂತು. ತಾನೇ ತಾನಾಗಿ ಬಿತ್ತಿಕೊಳ್ಳುವ ಹೊಲ ಬಂದದ್ದು 2019ರ ‘ಡೆಫಿನಿಟಿವ್ ಎಡಿಷನ್’ನಲ್ಲಿ. ಇಪ್ಪತ್ತು ವರ್ಷ! ಆಗಲೂ ಕೆಲವು ಹಳೆಯ ಹುಲಿಗಳು, ಆಟ ಸುಲಭವಾಗಿಬಿಟ್ಟಿತು ಎಂದು ಗೊಣಗಿದರು. ಹೊಲ ಬಿತ್ತಲು ನೆನಪಿಟ್ಟುಕೊಳ್ಳುವುದೇ ಸೇನಾಪತಿಯ ಜಾಣತನ ಎಂದು ಅವರು ನಿಜಕ್ಕೂ ನಂಬಿದ್ದರು.

ಸ್ಟಾರ್‌ಕ್ರಾಫ್ಟ್ ಈ ವಿಷಯದಲ್ಲಿ ಇನ್ನೂ ನಿರ್ದಯಿ. 1998ರ ಆ ಆಟದಲ್ಲಿ ಹೊಸದಾಗಿ ಹುಟ್ಟಿದ ಪ್ರತಿ ಕೆಲಸಗಾರನಿಗೂ, ‘ಹೋಗಪ್ಪಾ, ಗಣಿಗೆ ಹೋಗು’ ಎಂದು ಕೈಯಾರೆ ಹೇಳಬೇಕು. ಒಮ್ಮೆಗೆ ಹನ್ನೆರಡಕ್ಕಿಂತ ಹೆಚ್ಚು ಸೈನಿಕರನ್ನು ಹಿಡಿದು ಅಪ್ಪಣೆ ಕೊಡುವಂತಿಲ್ಲ. ನೂರು ಜನರ ಸೈನ್ಯವನ್ನು ಹನ್ನೆರಡು ಹನ್ನೆರಡಾಗಿ ದಾಟಿಸಬೇಕು. ದಕ್ಷಿಣ ಕೊರಿಯಾದಲ್ಲಿ ಇದು ಟೀವಿ ಚಾನೆಲ್‌ಗಳು ನೇರಪ್ರಸಾರ ಮಾಡುವ ಕ್ರೀಡೆಯಾಯಿತು. ಅಲ್ಲಿನ ವೃತ್ತಿಪರರು ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಬಾರಿ ಕೀಲಿ ಒತ್ತುತ್ತಿದ್ದರು, ಮೌಸ್ ಕ್ಲಿಕ್ಕಿಸುತ್ತಿದ್ದರು. ನೋಡಲು ಅದ್ಭುತ, ನಾನೂ ಬಾಯಿ ಬಿಟ್ಟು ನೋಡಿದ್ದೇನೆ. ಮೃದಂಗದ ತನಿಯಾವರ್ತನ ನೋಡಿದ ಹಾಗಿರುತ್ತದೆ. ಆದರೆ ಆ ಬೆರಗು ಕೈಚಳಕಕ್ಕೆ ಸಲ್ಲುವ ಬೆರಗು. ಅದಕ್ಕೆ ತಂತ್ರ ಎಂದು ಹೆಸರಿಟ್ಟದ್ದರಿಂದ ಇಡೀ ಪ್ರಕಾರವೇ ದಾರಿ ತಪ್ಪಿತು ಎಂಬುದು ನನ್ನ ದೂರು.

ಇಲ್ಲಿ ಒಂದು ಉತ್ತರ ತಯಾರಿರುತ್ತದೆ. ಚದುರಂಗದಲ್ಲೂ ಗಡಿಯಾರವಿಲ್ಲವೇ, ಸಮಯದ ಒತ್ತಡವೂ ತಂತ್ರದ ಭಾಗವಲ್ಲವೇ, ಎಂದು. ಹೌದು, ಆದರೆ ಚದುರಂಗದ ಗಡಿಯಾರ ಯೋಚನೆಗೆ ಗಡುವು ಹಾಕುತ್ತದೆ. ಆನೆಯನ್ನು ಎತ್ತಿ ಇಡಲು ಕೈಗೆ ತರಬೇತಿ ಬೇಕಿಲ್ಲ. ಪ್ರತಿ ನಡೆಗೂ ಮೊದಲು ಹದಿನಾರು ಕಾಯಿಗಳಿಗೂ ಒಂದೊಂದು ಸಲ ಮುಟ್ಟಿ ಊಟ ಹಾಕಬೇಕು ಎಂಬ ನಿಯಮ ತನ್ನಿ ನೋಡೋಣ, ಆಮೇಲೆ ವಿಶ್ವ ಚಾಂಪಿಯನ್ ಯಾರಾಗುತ್ತಾರೋ!

ರೈಸ್ ಆಫ್ ನೇಷನ್ಸ್ ಮಾಡಿದ್ದು ಅಮೆರಿಕದ ಮೇರಿಲ್ಯಾಂಡಿನ ಬಿಗ್ ಹ್ಯೂಜ್ ಗೇಮ್ಸ್ ಎಂಬ ತಂಡ. ಮುಂದಾಳು ಬ್ರಯನ್ ರೆನಾಲ್ಡ್ಸ್. ಈತ ಅದಕ್ಕೂ ಮೊದಲು ‘ಸಿವಿಲೈಸೇಷನ್ 2’ ಮತ್ತು ‘ಆಲ್ಫಾ ಸೆಂಟಾರಿ’ ರೂಪಿಸಿದ್ದವರು. ಅಂದರೆ ಚದುರಂಗದಂತೆ ಸರದಿಯ ಮೇಲೆ ಆಡುವ, ಒಂದು ನಡೆಗೆ ಅರ್ಧ ಗಂಟೆ ಗಲ್ಲಕ್ಕೆ ಕೈ ಹಚ್ಚಿ ಕೂರುವ ಆಟಗಳ ಮನುಷ್ಯ. ಅವರು ಓಡುವ ಗಡಿಯಾರದ ಆಟಕ್ಕೆ ಬಂದಾಗ ಕೇಳಿಕೊಂಡ ಪ್ರಶ್ನೆಯೇ ಬೇರೆಯಿದ್ದಂತೆ ಕಾಣುತ್ತದೆ: ಆಟಗಾರನಿಂದ ಯಾವ ಕೆಲಸ ಕಿತ್ತುಕೊಂಡರೆ ಅವನಿಗೆ ಯೋಚಿಸಲು ಬಿಡುವು ಸಿಗುತ್ತದೆ?

ಬಹಳಷ್ಟು ಕಿತ್ತುಕೊಂಡರು. ಇಲ್ಲಿ ಹೊಲ ಬರಿದಾಗುವುದಿಲ್ಲ, ಗಣಿ ಮುಗಿಯುವುದಿಲ್ಲ, ಕಾಡು ಸವೆಯುವುದಿಲ್ಲ. ಕೆಲಸಗಾರರು ಹೊರೆ ಹೊತ್ತು ಅತ್ತಿಂದಿತ್ತ ನಡೆಯುವುದಿಲ್ಲ. ಆದಾಯ ಸಂಬಳದಂತೆ ತಾನೇ ಬಂದು ಬೀಳುತ್ತದೆ. ಕೆಲಸವಿಲ್ಲದೆ ನಿಂತ ಪ್ರಜೆ ಸ್ವಲ್ಪ ಹೊತ್ತು ನಿಮ್ಮ ಮುಖ ನೋಡಿ, ನೀವು ಏನೂ ಹೇಳದಿದ್ದರೆ ತಾನೇ ಕೆಲಸ ಹುಡುಕಿಕೊಳ್ಳುತ್ತಾನೆ. ಸೈನಿಕರ ತರಬೇತಿಯನ್ನು ನಿಲ್ಲದೆ ಮುಂದುವರಿಯುವಂತೆ ಹಾಕಿಬಿಡಬಹುದು. ಬೇಹುಗಾರನಿಗೆ ಒಮ್ಮೆ ಹೇಳಿದರೆ ನಕ್ಷೆಯನ್ನೆಲ್ಲ ತಾನೇ ಸುತ್ತಿ ಬರುತ್ತಾನೆ. ಕಂಪ್ಯೂಟರಿನ ವಿರುದ್ಧ ಒಬ್ಬರೇ ಆಡುವಾಗ ಆಟ ನಿಲ್ಲಿಸಿ, ಸಾವಧಾನವಾಗಿ ನಕ್ಷೆ ನೋಡಿ, ಅಪ್ಪಣೆಗಳನ್ನು ಕೊಟ್ಟು ಮತ್ತೆ ಶುರು ಮಾಡಬಹುದು. ಇದೆಲ್ಲ 2003ರಲ್ಲಿ. ಏಜ್‌ನವರು 2019ರಿಂದೀಚೆಗೆ ಹೊಸತೆಂದು ತಂದ ಹೊಲದ ಬಿತ್ತನೆ, ತಾನೇ ತಿರುಗುವ ಬೇಹುಗಾರ, ಇವೆರಡರ ಅಗತ್ಯವೂ ಇಲ್ಲಿ ಎಷ್ಟೋ ವರ್ಷ ಮೊದಲೇ ತೀರಿತ್ತು.

ಚಾಕರಿ ಕಡಿಮೆ ಮಾಡಿದ್ದಷ್ಟೇ ಆಗಿದ್ದರೆ ಇದನ್ನು ಸೋಮಾರಿಗಳ ಆಟ ಎನ್ನಬಹುದಿತ್ತು. ನನ್ನ ಅಕ್ಕನ ಮಗ ಹಾಗೆಯೇ ಅನ್ನುತ್ತಾನೆ. ‘ಮಾಮ, ಎಲ್ಲಾ ಅದೇ ಮಾಡ್ಕೊಂಡ್ರೆ ನೀವೇನ್ ಮಾಡ್ತೀರಾ?’ ಒಳ್ಳೆಯ ಪ್ರಶ್ನೆ. ಉತ್ತರ ಗಡಿಯಲ್ಲಿದೆ.

ಏಜ್‌ನಲ್ಲಿ ಆಗಲಿ ಸ್ಟಾರ್‌ಕ್ರಾಫ್ಟ್‌ನಲ್ಲಿ ಆಗಲಿ ದೇಶ ಎಂಬುದಿಲ್ಲ. ಕಟ್ಟಡಗಳಿವೆ, ಸೈನಿಕರಿದ್ದಾರೆ, ನಡುವೆ ಖಾಲಿ ನೆಲ. ಎದುರಾಳಿಯ ಮನೆ ಬಾಗಿಲಲ್ಲಿ ಹೋಗಿ ನಿಮ್ಮ ಗೋಪುರ ಕಟ್ಟಬಹುದು, ಕೇಳುವವರಿಲ್ಲ. ರೈಸ್ ಆಫ್ ನೇಷನ್ಸ್‌ನಲ್ಲಿ ನೀವು ನಗರ ಕಟ್ಟಿದ ಕೂಡಲೇ ಅದರ ಸುತ್ತ ಗಡಿರೇಖೆ ಮೂಡುತ್ತದೆ. ದೇವಾಲಯ ಕಟ್ಟಿದರೆ, ಕೋಟೆ ಕಟ್ಟಿದರೆ, ಆಡಳಿತದ ವಿದ್ಯೆ ಕಲಿತರೆ ಗಡಿ ಹೊರಕ್ಕೆ ಸರಿಯುತ್ತದೆ, ನೆರೆಯವನ ಗಡಿಯನ್ನು ಒಳಕ್ಕೆ ದಬ್ಬುತ್ತದೆ. ನಿಮ್ಮ ಗಡಿಯೊಳಗೆ ಮಾತ್ರ ನೀವು ಕಟ್ಟಬಹುದು. ಒಂದು ಬಾಣವೂ ಹಾರದೆ ನಕ್ಷೆಯ ಮೇಲೆ ಜಗ್ಗಾಟ ನಡೆಯುತ್ತಿರುತ್ತದೆ. ನಗರ ಎಲ್ಲಿ ಕಟ್ಟಬೇಕು ಎಂಬ ಒಂದು ತೀರ್ಮಾನ ಮುಂದಿನ ಮುಕ್ಕಾಲು ಗಂಟೆಯ ಹಣೆಬರಹ ಬರೆಯುತ್ತದೆ.

ಆ ಗಡಿ ದಾಟಿದ ಶತ್ರುಸೈನ್ಯದ ಗತಿ ಏನು? ಸವಕಳಿ. ಗೋಪುರದಲ್ಲಿ ಅದಕ್ಕೆ ಬೇಕಾದ ವಿದ್ಯೆಯನ್ನು ನೀವು ಸಂಪಾದಿಸಿದ್ದರೆ, ನಿಮ್ಮ ನೆಲದ ಮೇಲೆ ಕಾಲಿಟ್ಟ ಪರಕೀಯ ಸೈನಿಕ ನಿಂತಲ್ಲೇ ಸೊರಗುತ್ತಾನೆ. ಯಾರೂ ಹೊಡೆಯಬೇಕಿಲ್ಲ. ಹಸಿವು, ಕಾಯಿಲೆ, ಅಪರಿಚಿತ ನೆಲ ಎಲ್ಲವೂ ಸೇರಿ ಅವನ ಜೀವ ತಿನ್ನುತ್ತವೆ. ಇದಕ್ಕೆ ಮದ್ದು ಸರಬರಾಜು ಬಂಡಿ. ಅದು ಜೊತೆಗಿದ್ದರೆ ಸೈನ್ಯ ಸುರಕ್ಷಿತ. ಹೀಗಾಗಿ ರಕ್ಷಿಸಿಕೊಳ್ಳುವವನು ಎದುರಾಳಿಯ ಐವತ್ತು ಸೈನಿಕರ ಜೊತೆ ಹೊಡೆದಾಡಬೇಕೆಂದಿಲ್ಲ. ಹತ್ತು ಕುದುರೆ ಸವಾರರನ್ನು ಪಕ್ಕದಿಂದ ನುಗ್ಗಿಸಿ ಎರಡು ಬಂಡಿಗಳನ್ನು ಸುಟ್ಟರೆ ಸಾಕು, ಉಳಿದದ್ದನ್ನು ನೆಲವೇ ನೋಡಿಕೊಳ್ಳುತ್ತದೆ.

ಇದು ಆಟಕ್ಕಾಗಿ ಹೊಸೆದ ನಿಯಮ ಎಂದುಕೊಂಡರೆ ನಮ್ಮದೇ ಇತಿಹಾಸದ ಒಂದು ಪುಟ ತೆರೆಯಿರಿ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿಯೂ ಬಿಟ್ಟ. ಏಜ್ ಆಫ್ ಎಂಪೈರ್ಸ್ ಆಗಿದ್ದರೆ ಅಲ್ಲಿಗೆ ಆಟ ಮುಗಿಯುತ್ತಿತ್ತು. ಆದರೆ ದಾರಿಯುದ್ದಕ್ಕೂ ಮೇವು ಸುಟ್ಟುಹೋಗಿತ್ತು, ಎತ್ತುಗಳು ಸಾಯುತ್ತಿದ್ದವು, ಸೈನಿಕರಿಗೆ ಅನ್ನವಿರಲಿಲ್ಲ, ರೋಗ ಹರಡಿತ್ತು. ಗೆದ್ದವನು ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ವಾಪಸು ಹೋದ. ಎಳೆಯಲು ಎತ್ತುಗಳೇ ಇರಲಿಲ್ಲ! ಮರುವರ್ಷ ಫೆಬ್ರವರಿಯಲ್ಲಿ ಅವನು ತಿರುಗಿ ಬಂದಾಗ ಬಂಜಾರರ ಎತ್ತಿನ ಸಾಲುಗಳು ಧಾನ್ಯ ಹೊತ್ತು ಅವನ ಜೊತೆಗಿದ್ದವು. ಆಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಎರಡು ದಂಡಯಾತ್ರೆಗಳ ನಡುವೆ ಕಾರ್ನ್‌ವಾಲಿಸನ ಕತ್ತಿ ಹರಿತವಾಗಿರಲಿಲ್ಲ, ಬಂಡಿ ತುಂಬಿತ್ತು. ಈ ಒಂದು ಸತ್ಯವನ್ನು ಆಟದ ನಡುಗಂಬವಾಗಿ ಮಾಡಿಕೊಂಡ, ಜನಪ್ರಿಯ ಮಟ್ಟದ ಇನ್ನೊಂದು ಸ್ಟ್ರಾಟೆಜಿ ಆಟವನ್ನು ನಾನು ಕಂಡಿಲ್ಲ. ರಷ್ಯನ್ನರಿಗೆ ಇಲ್ಲಿ ಸವಕಳಿಯ ಶಕ್ತಿ ಇಮ್ಮಡಿ. ನೆಪೋಲಿಯನ್ನನ 1812ರ ಕಥೆ ಓದಿದವರಿಗೆ ಕಾರಣ ಹೇಳಬೇಕಿಲ್ಲ.

ಇನ್ನು ಖಜಾನೆ. ಒಂದೇ ಬಗೆಯ ಸೈನಿಕರನ್ನು ಮತ್ತೆ ಮತ್ತೆ ತಯಾರಿಸುತ್ತ ಹೋದರೆ ಒಬ್ಬೊಬ್ಬನ ಬೆಲೆ ಏರುತ್ತ ಹೋಗುತ್ತದೆ. ಇಪ್ಪತ್ತನೆಯ ಬಿಲ್ಲುಗಾರ ಮೊದಲನೆಯವನಿಗಿಂತ ತುಟ್ಟಿ. ಇದರಿಂದ, ಒಂದೇ ಬಗೆಯ ಸೈನಿಕರನ್ನು ನೂರುಗಟ್ಟಲೆ ಕೂಡಿಸಿ ನುಗ್ಗುವ ಚಾಳಿಗೆ ಕಡಿವಾಣ ಬೀಳುತ್ತದೆ. ಆದಾಯಕ್ಕೂ ಒಂದು ಮಿತಿ ಇದೆ. ವಾಣಿಜ್ಯದ ವಿದ್ಯೆ ಬೆಳೆಯದೆ ಎಷ್ಟೇ ಜನರನ್ನು ಹೊಲಕ್ಕೆ ಇಳಿಸಿದರೂ ಆ ಮಿತಿಯ ಮೇಲಿನದ್ದು ವ್ಯರ್ಥ. ಅದೂ ಅಲ್ಲದೆ ಒಂದು ನಗರಕ್ಕೆ ಐದೇ ಹೊಲ.

ಗ್ರಂಥಾಲಯದಲ್ಲಿ ನಾಲ್ಕು ದಾರಿಗಳಿವೆ. ಸೈನ್ಯದ ವಿದ್ಯೆ ಕಲಿತರೆ ಜನಸಂಖ್ಯೆಯ ಮಿತಿ ಏರುತ್ತದೆ. ಆಡಳಿತದ ವಿದ್ಯೆ ಕಲಿತರೆ ಹೆಚ್ಚು ನಗರ, ಹಿಗ್ಗಿದ ಗಡಿ. ವಾಣಿಜ್ಯ ಕಲಿತರೆ ಆದಾಯದ ಮಿತಿ ಮೇಲೇರುತ್ತದೆ. ವಿಜ್ಞಾನ ಕಲಿತರೆ ಮಿಕ್ಕೆಲ್ಲ ಕಲಿಕೆ ಅಗ್ಗವಾಗುತ್ತದೆ. ಯಾವುದು ಮೊದಲು? ಇದಕ್ಕೆ ಯೂಟ್ಯೂಬಿನಲ್ಲಿ ಒಂದೇ ಉತ್ತರ ಸಿಗುವುದಿಲ್ಲ, ಏಕೆಂದರೆ ಉತ್ತರ ನಕ್ಷೆಯ ಮೇಲೆ, ನೆರೆಯವನ ಮೇಲೆ, ನಿಮ್ಮ ಜನಾಂಗದ ಮೇಲೆ ನಿಂತಿದೆ. ವಿಜ್ಞಾನ ಮೊದಲು ಎನ್ನುವುದು ದೂರದೃಷ್ಟಿಯಂತೆ ಕಾಣುತ್ತದೆ. ಪಕ್ಕದವನು ಸೈನ್ಯ ಮೊದಲು ಎಂದುಕೊಂಡಿದ್ದರೆ ಆ ದೂರದೃಷ್ಟಿ ನಿಮ್ಮ ಸಮಾಧಿಯ ಮೇಲಿನ ಬರಹವಾಗುತ್ತದೆ. ಮಾಸಾಂತ್ಯದಲ್ಲಿ ಮಗುವಿನ ಫೀಸೋ, ಊರಿನ ಮನೆಯ ಹೆಂಚೋ, ಗಾಡಿಯ ಕಂತೋ ಎಂದು ಲೆಕ್ಕ ಹಾಕುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಎಲ್ಲವೂ ಬೇಕು, ಒಂದೇ ಮೊದಲು.

ಗೆಲ್ಲುವ ಬಗೆಯೂ ಬೇರೆ. ಏಜ್‌ನಲ್ಲಿ ಊರನ್ನು ಸುಟ್ಟು ಬೂದಿ ಮಾಡುತ್ತೀರಿ. ಕೊನೆಯ ಮೂಲೆಯಲ್ಲಿ ಅಡಗಿದ ಕೊನೆಯ ಹಳ್ಳಿಗನನ್ನು ಹುಡುಕುತ್ತ ಹತ್ತು ನಿಮಿಷ ಅಲೆದ ಅನುಭವ ಎಲ್ಲರಿಗೂ ಇದೆ. ಇಲ್ಲಿ ನಗರ ನಾಶವಾಗುವುದಿಲ್ಲ, ಕೈ ಬದಲಾಗುತ್ತದೆ. ಅದರ ರಕ್ಷಣೆ ಕುಸಿದ ಮೇಲೆ ನಿಮ್ಮ ಕಾಲಾಳುಗಳು ಒಳಗೆ ಹೋಗಬೇಕು. ಫಿರಂಗಿ ಮಾತ್ರ ಇದ್ದು ಕಾಲಾಳು ಇಲ್ಲದಿದ್ದರೆ ನಗರದ ಮುಂದೆ ನಿಂತು ಮಿಕಿಮಿಕಿ ನೋಡಬೇಕಷ್ಟೆ. ಹಿಡಿದ ನಗರ ನಿಮ್ಮದಾಗಲು ಸಮಯ ಬೇಕು. ಅಷ್ಟರೊಳಗೆ ಹಳೆಯ ಒಡೆಯ ತಿರುಗಿ ಬರಬಹುದು. ಎದುರಾಳಿಯ ರಾಜಧಾನಿ ಹಿಡಿದರೆ ಗಡಿಯಾರ ಹಿಂದಕ್ಕೆ ಎಣಿಸತೊಡಗುತ್ತದೆ, ಅವನು ಅಷ್ಟರಲ್ಲಿ ಅದನ್ನು ಮರಳಿ ಪಡೆಯದಿದ್ದರೆ ಆಟ ಮುಗಿಯಿತು. ಕೊನೆಯ ಯುಗದ ಅಣುಬಾಂಬಿನ ವಿಷಯದಲ್ಲಂತೂ ಈ ಆಟದ ಧೈರ್ಯ ಮೆಚ್ಚಬೇಕು. ಪ್ರತಿ ಬಾಂಬಿಗೂ ಪ್ರಳಯದ ಎಣಿಕೆ ಒಂದೊಂದು ಇಳಿಯುತ್ತದೆ. ಸೊನ್ನೆಗೆ ಬಂದರೆ ಎಲ್ಲರೂ ಸೋತಂತೆ, ಬಾಂಬು ಹಾಕಿದವನೂ ಸೇರಿ. ಗೆಲ್ಲಲಾಗದವನು, ‘ಇನ್ನೊಂದು ಹಾಕಿದರೆ ಇಬ್ಬರಿಗೂ ಇಲ್ಲ’ ಎಂದು ಬೆದರಿಸಬಹುದು. ಕಳೆದ ವರ್ಷ ಹೈದರಾಬಾದಿನ ಗೆಳೆಯನೊಬ್ಬ ನನಗೆ ಹೀಗೆ ಬೆದರಿಸಿ ಒಂದು ನಗರ ಬಿಡಿಸಿಕೊಂಡ. ಇದಕ್ಕೆ ಎಷ್ಟು ಕ್ಲಿಕ್ ಬೇಕಾಯಿತು? ಫೋನಿನಲ್ಲಿ ಒಂದು ಮಾತು.

ಈಗ ಆಕ್ಷೇಪಗಳು. ಸಿವಿಲೈಸೇಷನ್ನಿಗೆ ಏಜ್ ಬೆರೆಸಿದ ಕಲಸುಮೇಲೋಗರ ಇದು, ಹೊಸತೇನಿಲ್ಲ ಎನ್ನುತ್ತಾರೆ. ಹುಳಿಗೆ ಬೇಳೆಯೂ ಹೊಸತಲ್ಲ, ಹುಣಸೆಯೂ ಹೊಸತಲ್ಲ. ಇದಕ್ಕಿಂತ ಮೊದಲು, 2001ರಲ್ಲಿ, ಮೂಲ ಏಜ್ ಆಫ್ ಎಂಪೈರ್ಸ್‌ನ ವಿನ್ಯಾಸಕಾರರಲ್ಲಿ ಒಬ್ಬರಾದ ರಿಕ್ ಗುಡ್‌ಮನ್ ‘ಎಂಪೈರ್ ಅರ್ಥ್’ ಮಾಡಿ ಕಲ್ಲಿನ ಯುಗದಿಂದ ಮುಂದಿನ ಶತಮಾನದವರೆಗೆ ಎಳೆದರು. ಅಲ್ಲಿ ಯುಗಗಳು ಹೆಚ್ಚಿದವೇ ಹೊರತು ಆಟದ ಗುಣ ಬದಲಾಗಲಿಲ್ಲ. ರೆನಾಲ್ಡ್ಸ್ ತಂಡ ಗಡಿ, ಸವಕಳಿ, ಏರುವ ಬೆಲೆ ಮೂರನ್ನೂ ಒಂದಕ್ಕೊಂದು ಹೆಣೆದದ್ದು ಬೇರೆಯದೇ ಕೆಲಸ.

ವೇಗ ಇಲ್ಲಿಯೂ ಬೇಕಲ್ಲವೇ ಎಂದರೆ, ಬೇಕು. ಪಳಗಿದ ಆಟಗಾರರು ಇಲ್ಲಿಯೂ ಚುರುಕಾಗಿಯೇ ಆಡುತ್ತಾರೆ, ಕೀಲಿಗಳನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ನಿಧಾನದ ಆಟಗಾರ ಇಲ್ಲಿ ತಕ್ಷಣ ಸಾಯುವುದಿಲ್ಲ. ಅವನ ಗಡಿ ಅವನ ಪರವಾಗಿ ಹೋರಾಡುತ್ತಿರುತ್ತದೆ. ಅಂದಗೇಡಿ ಎಂಬ ಆಕ್ಷೇಪವನ್ನು ಮಾತ್ರ ಅರ್ಧ ಒಪ್ಪುತ್ತೇನೆ. ಏಜ್ 2ರ ಚಿತ್ರಗಳಿಗೆ ಇರುವ ಕೈಕುಸುರಿಯ ಚೆಲುವು ಇಲ್ಲಿಲ್ಲ. ಹಡಗಿನ ಕಾಳಗ ಸಪ್ಪೆ. ಕೊನೆಯ ಯುಗಗಳು ಮಿಂಚಿನಂತೆ ಬಂದು ಹೋಗುತ್ತವೆ, ಟ್ಯಾಂಕು ನೋಡಿ ಖುಷಿಪಡುವಷ್ಟರಲ್ಲಿ ಕ್ಷಿಪಣಿ ಬಂದಿರುತ್ತದೆ. ಪುರಾತನ ಯುಗದಿಂದ ಮಾಹಿತಿ ಯುಗದವರೆಗಿನ ಎಂಟು ಯುಗಗಳನ್ನು ಒಂದು ಗಂಟೆಯಲ್ಲಿ ತುರುಕಿದರೆ ಇನ್ನೇನಾದೀತು.

ಜನಾಂಗಗಳ ಮಾತೂ ಇಲ್ಲಿ ಬರಲೇಬೇಕು. ಮೂಲ ಆಟದಲ್ಲಿ ಹದಿನೆಂಟು ಜನಾಂಗಗಳಿದ್ದವು, ಅವುಗಳಲ್ಲಿ ಬಂಟು ಮತ್ತು ನೂಬಿಯನ್ ಕೂಡ. ಆಫ್ರಿಕಾ ಎಂದರೆ ಈಜಿಪ್ಟ್ ಮಾತ್ರ ಎಂಬ ಕಾಲದಲ್ಲಿ ಇದು ಸಣ್ಣದಲ್ಲ. ಏಜ್ 2ಕ್ಕೆ ಮಾಲಿ, ಇಥಿಯೋಪಿಯಾ ಬಂದದ್ದು 2015ರಲ್ಲಿ. ಆದರೆ ನಮ್ಮ ವಿಷಯದಲ್ಲಿ ಎಡವಟ್ಟು. 2003ರಲ್ಲಿ ತಾಜ್‌ಮಹಲ್ ಕಟ್ಟಬಹುದಿತ್ತು, ಭಾರತೀಯರು ಮಾತ್ರ ಇರಲಿಲ್ಲ! ಫ್ರೆಂಚರೋ ಜಪಾನಿಗಳೋ ಅದನ್ನು ಕಟ್ಟಿಕೊಳ್ಳಬೇಕು. 2004ರ ‘ಥ್ರೋನ್ಸ್ ಅಂಡ್ ಪೇಟ್ರಿಯಟ್ಸ್’ ಮುಂದುವರಿಕೆಯಲ್ಲಿ ಯುದ್ಧದ ಆನೆಗಳ ಜೊತೆ ಭಾರತೀಯರೂ, ಕೆಂಪುಕೋಟೆಯೂ ಬಂದವು. ಏಜ್ 2ರಲ್ಲಿ ಭಾರತೀಯರು ಕಾಣಿಸಿದ್ದು 2013ರಲ್ಲಿ. 2022ರ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಆ ಒಂದನ್ನು ಒಡೆದು ಹಿಂದುಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕು ಮಾಡಿತು. ಈ ವಿಷಯದಲ್ಲಿ ಏಜ್ ಮುಂದಿದೆ, ಒಪ್ಪಿಕೊಳ್ಳೋಣ. ಆದರೂ ದ್ರಾವಿಡ ಎಂಬ ಒಂದೇ ಚೀಲದಲ್ಲಿ ಕನ್ನಡಿಗ, ತಮಿಳ, ತೆಲುಗ, ಮಲಯಾಳಿ ಎಲ್ಲರನ್ನೂ ಹಾಕಿ, ಕಥೆ ಮಾತ್ರ ರಾಜೇಂದ್ರ ಚೋಳನದ್ದು ಹೇಳಿದರೆ ಇಮ್ಮಡಿ ಪುಲಕೇಶಿಯ ಕಡೆಯವರಾದ ನಾವು ಸ್ವಲ್ಪ ಮುಖ ಊದಿಸಿಕೊಳ್ಳಬಹುದು ತಾನೆ? ಚೆನ್ನೈಯ ಓದುಗರು ಕ್ಷಮಿಸಬೇಕು.

ಅಷ್ಟು ಒಳ್ಳೆಯದಾಗಿದ್ದರೆ ಯಾಕೆ ಮರೆತುಹೋಯಿತು? ಇದು ಎಲ್ಲರೂ ಕೊನೆಗೆ ಎಸೆಯುವ ತುರುಪು. ಜನ ಬಿಟ್ಟರು ಎಂದರೆ ಆಟದಲ್ಲೇ ಕೊರತೆ ಇತ್ತು ಎಂದರ್ಥವಂತೆ. ಇತಿಹಾಸ ಹಾಗೆ ಹೇಳುವುದಿಲ್ಲ. ಬಿಗ್ ಹ್ಯೂಜ್ ಗೇಮ್ಸ್ 2006ರಲ್ಲಿ ‘ರೈಸ್ ಆಫ್ ಲೆಜೆಂಡ್ಸ್’ ಎಂಬ ಮಾಂತ್ರಿಕ ಲೋಕದ ಆಟಕ್ಕೆ ಹೊರಳಿತು. 2008ರಲ್ಲಿ ಟಿಎಚ್‌ಕ್ಯೂ ಅದನ್ನು ಕೊಂಡಿತು, ಮರುವರ್ಷವೇ 38 ಸ್ಟುಡಿಯೋಸ್‌ಗೆ ಮಾರಿತು. ಬೇಸ್‌ಬಾಲ್ ಆಟಗಾರ ಕರ್ಟ್ ಶಿಲಿಂಗ್ ಸ್ಥಾಪಿಸಿದ ಆ ಸಂಸ್ಥೆ ರೋಡ್ ಐಲೆಂಡ್ ರಾಜ್ಯದ ಖಾತರಿಯ ಸಾಲ ತಲೆಯ ಮೇಲಿಟ್ಟುಕೊಂಡು 2012ರಲ್ಲಿ ಮುಳುಗಿತು. ರೆನಾಲ್ಡ್ಸ್ ಅಷ್ಟರಲ್ಲಿ ಜಿಂಗಾಕ್ಕೆ ಹೋಗಿ, ಫೇಸ್‌ಬುಕ್ಕಿನಲ್ಲಿ ಕ್ಲಿಕ್ಕಿಸಿ ಆಡುವ ‘ಫ್ರಾಂಟಿಯರ್‌ವಿಲ್’ ಮಾಡುತ್ತಿದ್ದರು. ಆಟಗಾರನನ್ನು ಹೊಲದ ಚಾಕರಿಯಿಂದ ಬಿಡಿಸಿದವರೇ ಕೋಟ್ಯಂತರ ಜನರಿಗೆ ಹೊಲದ ಚಾಕರಿ ಹಚ್ಚಿದರು. ಇದಕ್ಕಿಂತ ಕಹಿ ವ್ಯಂಗ್ಯ ಈ ಉದ್ಯಮದಲ್ಲಿ ನನಗೆ ಸಿಕ್ಕಿಲ್ಲ.

ಸ್ಟುಡಿಯೋ ಹೋದದ್ದೇ ಕಾರಣ ಎಂದರೂ ಪೂರ್ತಿ ಸರಿಯಾಗದು. ಏಜ್ ಮಾಡಿದ ಎನ್ಸೆಂಬಲ್ ಸ್ಟುಡಿಯೋಸನ್ನೂ ಮೈಕ್ರೋಸಾಫ್ಟ್ 2009ರಲ್ಲಿ ಮುಚ್ಚಿತ್ತು. ಆದರೆ ಏಜ್ 2ಕ್ಕೆ ಅಭಿಮಾನಿಗಳ ಗುಂಪೊಂದು ತಾವೇ ಮುಂದುವರಿಕೆ ಕಟ್ಟಿತು, ಅದು ಮುಂದೆ ಅಧಿಕೃತವೂ ಆಯಿತು. ಆಡುವುದನ್ನು ನೋಡುವ ವಿಡಿಯೋ ಸಂಸ್ಕೃತಿ ಬಂದಾಗ ಕಾಡುಹಂದಿ ಎಳೆಯುವ ಕೈಚಳಕ ತೆರೆಯ ಮೇಲೆ ಚೆನ್ನಾಗಿ ಕಂಡಿತು. ಗಡಿ ನಾಲ್ಕು ಬೆರಳಷ್ಟು ಸರಿದದ್ದು ನೋಡುಗರಿಗೆ ರೋಮಾಂಚನ ತರುವುದಿಲ್ಲ. ಬೆರಳು ಕ್ಯಾಮೆರಾಕ್ಕೆ ಕಾಣುತ್ತದೆ, ಬುದ್ಧಿ ಕಾಣುವುದಿಲ್ಲ. ನೋಡುವುದಕ್ಕೆ ಯಾವುದು ಚೆಂದವೋ ಅದೇ ಆಡುವುದಕ್ಕೂ ಶ್ರೇಷ್ಠ ಎಂಬ ಗೊಂದಲ ಅಲ್ಲಿಂದ ಬೆಳೆಯಿತು.

ಮತ್ತೆ ಹಣದ ಪ್ರಶ್ನೆ. ರೈಸ್ ಆಫ್ ನೇಷನ್ಸ್ ಪ್ರಕಟಿಸಿದ್ದು ಮೈಕ್ರೋಸಾಫ್ಟ್. ಏಜ್ ಕೂಡ ಅವರದೇ. 2023ರಲ್ಲಿ ಆಕ್ಟಿವಿಷನ್ ಬ್ಲಿಝಾರ್ಡನ್ನು ಕೊಂಡ ಮೇಲೆ ಸ್ಟಾರ್‌ಕ್ರಾಫ್ಟ್, ವಾರ್‌ಕ್ರಾಫ್ಟ್ ಕೂಡ ಅವರದೇ. ನಾಲ್ಕೂ ಒಂದೇ ಮನೆಯ ಮಕ್ಕಳು. ಏಜ್‌ನ ಮೊದಲ ಆಟ 2018ರಲ್ಲಿ ಹೊಸ ಬಟ್ಟೆ ತೊಟ್ಟಿತು, ಎರಡನೆಯದು 2019ರಲ್ಲಿ, ಮೂರನೆಯದು 2020ರಲ್ಲಿ. ನಾಲ್ಕನೆಯದು 2021ರಲ್ಲಿ ಹೊಸದಾಗಿ ಹುಟ್ಟಿತು. ಪುರಾಣದ ‘ಏಜ್ ಆಫ್ ಮಿಥಾಲಜಿ’ಗೂ 2024ರಲ್ಲಿ ಮರುಹುಟ್ಟು. ರೈಸ್ ಆಫ್ ನೇಷನ್ಸ್‌ಗೆ ಸಿಕ್ಕಿದ್ದು 2014ರ ‘ಎಕ್ಸ್‌ಟೆಂಡೆಡ್ ಎಡಿಷನ್’ ಒಂದೇ. ನೀರು ಸ್ವಲ್ಪ ಚೆನ್ನಾಗಿ ಹೊಳೆಯಿತು, ಇಂಟರ್ನೆಟ್ಟಿನಲ್ಲಿ ಆಡುವ ವ್ಯವಸ್ಥೆ ಹೊಸದಾಯಿತು. ಒಂದು ಹೊಸ ಜನಾಂಗವೂ ಇಲ್ಲ, ಒಂದು ಹೊಸ ಕಥೆಯೂ ಇಲ್ಲ. ಹಿರಿಯ ಮಗನಿಗೆ ಐದು ಸಲ ಮದುವೆ ಮಾಡಿಸಿ, ಕಿರಿಯವನು ಯಾಕೋ ಮನೆಯಿಂದ ಹೊರಗೇ ಬರುವುದಿಲ್ಲ ಎಂದು ಆಶ್ಚರ್ಯಪಟ್ಟಂತೆ.

ನಾನು ಇಷ್ಟು ಜೋರಾಗಿ ವಾದಿಸಲು ಕಾರಣ ಬರೀ ಹಳೆಯ ನೆನಪಿನ ಮೋಹವಲ್ಲ. ಸ್ಟ್ರಾಟೆಜಿ ಆಟಗಳ ಕಾಲ ಮುಗಿಯಿತು, ಅವು ತೀರಾ ಕಷ್ಟ, ಹೊಸಬರು ಬರುವುದಿಲ್ಲ ಎಂಬ ಗೋಳು ವರ್ಷಾನುಗಟ್ಟಲೆಯಿಂದ ಕೇಳುತ್ತಿದೆ. ಹೊಸಬರನ್ನು ಹೆದರಿಸಿದ್ದು ಯೋಚನೆಯ ಕಷ್ಟವಲ್ಲ. ಚೆಸ್ ಕಲಿಯುವ ಮಕ್ಕಳು ಗಲ್ಲಿಗೊಬ್ಬರಿದ್ದಾರೆ. ಹೆದರಿಸಿದ್ದು ಮೊದಲ ಹತ್ತು ನಿಮಿಷದಲ್ಲೇ, ನಿನ್ನ ಬೆರಳು ಸಾಲದು ಎಂದು ಮುಖಕ್ಕೆ ಹೊಡೆದಂತೆ ಹೇಳುವ ಆಟಗಳು. ನಲವತ್ತು ದಾಟಿದವರು, ಕೈನೋವಿನವರು, ದಿನವಿಡೀ ಕೀಲಿಮಣೆ ಕುಟ್ಟಿ ರಾತ್ರಿ ಒಂದು ಗಂಟೆ ಬಿಡುವು ಸಿಗುವವರು, ವಾರಕ್ಕೊಮ್ಮೆ ಬೇರೆ ಬೇರೆ ಊರುಗಳಿಂದ ಸೇರಿ ಆಡುವ ಗೆಳೆಯರು, ಇವರೆಲ್ಲರನ್ನೂ ಆ ಅಳತೆಗೋಲು ಹೊರಗೆ ನಿಲ್ಲಿಸಿತು. ನಮ್ಮ ಗುಂಪಿನಲ್ಲಿ ಪುಣೆಯ ನಾನು, ಹೈದರಾಬಾದಿನವನೊಬ್ಬ, ಚೆನ್ನೈಯ ದಂಪತಿ ಇದ್ದೇವೆ. ಅವರಿಬ್ಬರಲ್ಲಿ ಗಂಡ ಕಾಲೇಜು ದಿನಗಳ ಏಜ್ ವೀರ, ಹೆಂಡತಿ ಮೊದಲ ಸಲ ಇಂಥ ಆಟ ಮುಟ್ಟಿದ್ದು ಎರಡು ವರ್ಷದ ಹಿಂದೆ. ಏಜ್‌ನಲ್ಲಿ ಅವರು ಒಂದು ಸಲವೂ ಗಂಡನನ್ನು ಸೋಲಿಸಿಲ್ಲ. ರೈಸ್ ಆಫ್ ನೇಷನ್ಸ್‌ನಲ್ಲಿ ಈಗ ಗೆಲುವು ಹೆಚ್ಚುಕಡಿಮೆ ಸಮಸಮ, ಏಕೆಂದರೆ ನಗರ ಎಲ್ಲಿ ಕಟ್ಟಬೇಕೆಂಬುದು ಅವರಿಗೆ ಗಂಡನಿಗಿಂತ ಚೆನ್ನಾಗಿ ಹೊಳೆಯುತ್ತದೆ. ಯಾವ ಆಟ ಇವರ ಬುದ್ಧಿಯನ್ನು ಅಳೆಯಿತು, ಯಾವುದು ಅಳೆಯಲಿಲ್ಲ, ನೀವೇ ಹೇಳಿ.

ಆಡಿ ನೋಡುವ ಮನಸ್ಸಿದ್ದರೆ: ಆಟ ಸ್ಟೀಮ್‌ನಲ್ಲಿ ಸಿಗುತ್ತದೆ, ಹಳೆಯ ಆಫೀಸು ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆಗಾಗ ರಿಯಾಯಿತಿಯೂ ಇರುತ್ತದೆ, ಕಾದು ಕೊಳ್ಳಿ. ‘ಕಾಂಕರ್ ದಿ ವರ್ಲ್ಡ್’ ಎಂಬ ಭೂಪಟದ ಆಟ ಚೆನ್ನಾಗಿದೆ, ಆದರೆ ಅದಕ್ಕೆ ಆಮೇಲೆ ಹೋಗಿ. ಮೊದಲು ಒಂದು ಬಿಡಿ ಪಂದ್ಯ ಹಾಕಿ, ರಷ್ಯನ್ನರನ್ನು ಆರಿಸಿ, ಕಂಪ್ಯೂಟರಿನ ಮಟ್ಟ ಸುಲಭದ್ದಿರಲಿ. ಎರಡು ನಗರ, ಎರಡು ದೇವಾಲಯ, ಒಂದು ಗೋಪುರ, ಆ ಗೋಪುರದಲ್ಲಿ ಸವಕಳಿಯ ವಿದ್ಯೆ. ಶತ್ರು ಗಡಿ ದಾಟಿದಾಗ ಗಾಬರಿಯಾಗಬೇಡಿ. ಆಟ ನಿಲ್ಲಿಸಿ, ಅವನ ಬಂಡಿ ಎಲ್ಲಿದೆ ಹುಡುಕಿ.